ಮನೆಮಂದಿ ಕೂಡಿ ನೋಡುವ ಚಿತ್ರ

‘ಬುದ್ಧಿ, ಈ ಸಿನಿಮಾನ ಮಕ್ಕಳ ಕರ್ಕೊಂಡು ನೋಡಬಹುದಾ?’ ಎಂದು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಭಕ್ತರು ಕೇಳುವುದುಂಟು. ಸರ್ಕಾರದ ಪ್ರಮಾಣಪತ್ರವಿದೆಯಲ್ಲ ಎಂದು ಹೇಳಿ ಕಳಿಸಿಬಿಡುವುದು ಸುಲಭ. 1952ರ ಕಾಯಿದೆಯಂತೆ ‘ಎ’ ಚಿತ್ರಕ್ಕೆ 18 ತುಂಬದವರನ್ನು ಬಿಡುವಂತಿಲ್ಲ. 1983ರಲ್ಲಿ ಬಂದ ‘ಯುಎ’ ದರ್ಜೆಯನ್ನು 2023ರ ತಿದ್ದುಪಡಿಯಲ್ಲಿ 7, 13, 16 ವರ್ಷವೆಂದು ಮೂರಾಗಿ ಒಡೆದರು. ಆದರೆ ಈ ‘ಯುಎ’ ತಂದೆತಾಯಿಗೆ ಕೊಟ್ಟ ಸೂಚನೆಯೇ ಹೊರತು ಟಾಕೀಸಿನ ಬಾಗಿಲು ಕಾಯುವವನಿಗೆ ಕೊಟ್ಟ ಆಜ್ಞೆಯಲ್ಲ. ತೀರ್ಮಾನ ತಿರುಗಿ ಮನೆಯ ಹಿರಿಯರ ಮಡಿಲಿಗೇ ಬಂತು. ಚಿತ್ರ ಈಗ ಮೊಬೈಲಿನೊಳಗೂ ಇದೆ. ಕಸಿದುಕೊಂಡರೆ ಹುಡುಗ ಹೊಲದ ಬದುವಿನಲ್ಲಿ ಗೆಳೆಯನ ಮೊಬೈಲು ನೋಡುತ್ತಾನೆ. ಮೊದಲು ತಾವು ನೋಡಿ ತಿಳಿಯುವುದೇ ದಾರಿ. ಜೋಡೆತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡಿಗೆ ನೋಡಿ ಅರ್ಧ ದಿನ ಕಳೆಯುವ ಯಜಮಾನರು ಇದಕ್ಕೆ ಮೂರು ಗಂಟೆ ಕೊಡಲಾರರೇ?

ನೋಡುವವರಿಗೆ ವೀರಶೈವ ಧರ್ಮದಲ್ಲಿ ಒಂದು ಒರೆಗಲ್ಲು ಉಂಟು. ಲಿಂಗಕ್ಕೆ ಅರ್ಪಿಸದೆ ಏನನ್ನೂ ಸ್ವೀಕರಿಸಬಾರದೆಂಬುದು ಅನ್ನ ನೀರಿಗೆ ಮಾತ್ರ ಹೇಳಿದ್ದಲ್ಲ. ಷಟ್‌ಸ್ಥಲ ಶಾಸ್ತ್ರದಲ್ಲಿ ಕಣ್ಣು ಕಂಡ ರೂಪ ಶಿವಲಿಂಗಕ್ಕೆ, ಕಿವಿ ಕೇಳಿದ ಶಬ್ದ ಪ್ರಸಾದಲಿಂಗಕ್ಕೆ ಅರ್ಪಿತ. ಅನ್ನದಲ್ಲಿ ಕಲ್ಲು ಆರಿಸುವ ನಾವು ಪರದೆಯ ಮೇಲೆ ಬಿದ್ದದ್ದನ್ನು ಹಾಗೇ ನುಂಗಬೇಕೆ?

ಹಾಗೆಂದು, ರಕ್ತ ಕಂಡರೆ ಕೆಟ್ಟದ್ದು, ದೇವರ ಹಾಡಿದ್ದರೆ ಒಳ್ಳೆಯದು ಎಂಬ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ಮಾದಪ್ಪನ ಕಥೆಯಲ್ಲಿ ಕಾಡಿಗೆ ಹೊರಡುವ ನೀಲಯ್ಯ ಹೆಂಡತಿ ಸಂಕಮ್ಮನನ್ನು ಶಂಕಿಸಿ, ಆಣೆಭಾಷೆ ಕೇಳಿ ಕೊಡುವ ಹಿಂಸೆ ಯಾವ ಸಿನಿಮಾಕ್ಕೂ ಕಡಿಮೆಯದಲ್ಲ. ಕಂಸಾಳೆಯವರು ರಾತ್ರಿಯಿಡೀ ಹಾಡುವಾಗ ಮಕ್ಕಳು ಅಜ್ಜಿಯ ತೊಡೆಯ ಮೇಲೆ ಮಲಗಿ ಅದನ್ನು ಕೇಳಿದವರೇ. ಕೇಳಿದವರು ಸಂಕಮ್ಮನಿಗಾಗಿ ಮರುಗಿದರು, ನೀಲಯ್ಯನಿಗೆ ಶಿಳ್ಳೆ ಹಾಕಲಿಲ್ಲ. ಹಾಡುವವನ ಕನಿಕರವೆಲ್ಲ ಆ ತಾಯಿಯ ಕಡೆಗಿತ್ತು. 1954ರ ‘ಬೇಡರ ಕಣ್ಣಪ್ಪ’ದಲ್ಲೂ ಕಪಟಿ ಅರ್ಚಕನಿದ್ದಾನೆ, ಕಣ್ಣು ಕಿತ್ತುಕೊಡುವ ಭಕ್ತನಿದ್ದಾನೆ. ಗಾಜನೂರಿನ ರಾಜಕುಮಾರರ ಆ ಚಿತ್ರ ನೋಡಿದ ಮಗುವಿಗೆ ತಾನು ಯಾರ ಕಡೆ ನಿಲ್ಲಬೇಕೆಂಬ ಗೊಂದಲವಾಗದು.

ಅವರ ಮಗ ಶಿವರಾಜಕುಮಾರ್ ನಟಿಸಿದ 2005ರ ‘ಜೋಗಿ’ಯ ಮಾತು ಬೇರೆ. ನಾಯಕನ ಹೆಸರು ಮಾದೇಶ, ನಮ್ಮ ಸೀಮೆಯಲ್ಲಿ ಮನೆಗೊಬ್ಬನಿರುವ ಹೆಸರು. ಬೆಂಗಳೂರು ಸೇರಿದ ಮಗನನ್ನು ತಾಯಿ ಹುಡುಕಿಕೊಂಡು ಹೋಗುತ್ತಾಳೆ. ನಮ್ಮ ತಾಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ ತಪ್ಪೇನಿಲ್ಲ, ಆ ದುಃಖ ನಿಜವಾದದ್ದು. ಆದರೆ ಅದೇ ಮಾದೇಶ ಮಚ್ಚು ಹಿಡಿದಾಗ ವಾದ್ಯ ಏರುತ್ತದೆ, ನೋಡುವವನ ಎದೆಯೂ ಉಬ್ಬುವಂತೆ ತೆಗೆದಿದ್ದಾರೆ. ಕಣ್ಣೀರು ಹೆತ್ತವರ ಪಾಲಿಗೆ, ಮಚ್ಚು ಹುಡುಗರ ಪಾಲಿಗೆ ಬಂದರೆ ಒಂದೇ ಮನೆಯವರು ಎರಡು ಸಿನಿಮಾ ನೋಡಿ ಬಂದ ಹಾಗೆ. ಮೀಸೆ ಮೂಡದ ಹುಡುಗನಿಗೆ ಇದು ಬೇಡವೆಂದೇ ನಮ್ಮ ಅಭಿಪ್ರಾಯ. ಬೆಳೆದ ಮಗನಾದರೆ ತಂದೆ ಪಕ್ಕದಲ್ಲಿ ಕೂತು ನೋಡಲಿ. ಆ ತಾಯಿಗೆ ಕಡೆಗೂ ಮಗ ಸಿಗದೆ ಹೋದದ್ದು ಯಾತರಿಂದ ಎಂದು ಮನೆಗೆ ಬಂದ ಮೇಲೆ ಮಗನನ್ನೇ ಕೇಳಲಿ.