ಆಯ್ದಕ್ಕಿ ಲಕ್ಕಮ್ಮನವರ ಪ್ರಶ್ನೆ ಮತ್ತು ಬಾಲಕನ ಮೊದಲ ಸಂಬಳ



ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಹದಿನಾರರ ಬಾಲಕನೊಬ್ಬ ಬೇಸಿಗೆಯ ರಜೆಯಲ್ಲಿ ತನ್ನೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನು. ಲಗ್ನದ ಹಂಗಾಮು. ತಿಂಗಳಿಗೆ 6,000 ರೂಪಾಯಿ ಎಂದು ಮಾತಾಗಿತ್ತು. ಕೂಲಿಗೆ ಹೋಗುವ ತಾಯಿಯ ಮೇಲೆ ಕಾಲೇಜಿನ ಶುಲ್ಕದ ಭಾರ ಬೀಳಬಾರದೆಂಬುದು ಅವನ ಆಸೆಯಾಗಿತ್ತು.

ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ನಿಂತೇ ಸೀರೆಗಳನ್ನು ಬಿಚ್ಚಿ ತೋರಿಸಬೇಕು, ಗಿರಾಕಿಗಳು ಹೋದ ಮೇಲೆ ಮತ್ತೆ ಮಡಚಿಡಬೇಕು. ಕುಳಿತರೆ ಬೈಗುಳ. ಒಂದು ಮಧ್ಯಾಹ್ನ ಮೂರು ಗಂಟೆಯಾದರೂ ಊಟಕ್ಕೆ ಬಿಡದಿದ್ದಾಗ ಅವನು ಅಂಜುತ್ತಲೇ ಕೇಳಿದನು. ಹಣೆಯ ತುಂಬ ವಿಭೂತಿ ಧರಿಸಿದ್ದ ಸಾವುಕಾರರು, "ತಮ್ಮಾ, ಕಾಯಕದಾಗ ಇದ್ದಾಗ ಗುರು-ಲಿಂಗಾನೂ ಮರೀಬೇಕು ಅಂತ ಶರಣರು ಹೇಳ್ಯಾರ, ನಿನಗ ಊಟದ ಚಿಂತಿ ಏನು?" ಎಂದರು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಕಾಯಕದ ಮಹಿಮೆಯನ್ನು ಸಾರುವ ಫಲಕವಿತ್ತು.

ಎರಡು ತಿಂಗಳು ಮುಗಿದಾಗ 12,000 ರೂಪಾಯಿ ಬರಬೇಕಿತ್ತು. ಚಹಾದ ಕಲೆಯಾದ ಸೀರೆಗೆ 3,500, ತಡವಾಗಿ ಬಂದ ದಿನಗಳಿಗೆ 1,000 ಮುರಿದುಕೊಂಡು 7,500 ರೂಪಾಯಿಯನ್ನು ಅವನ ಕೈಗಿಟ್ಟರು. ಚಹಾ ಚೆಲ್ಲಿದ್ದು ಗಿರಾಕಿಯ ಕೈಯಿಂದ ಎಂಬ ಅವನ ಮಾತನ್ನು ಕೇಳುವವರಿರಲಿಲ್ಲ. ಅಂದಿನಿಂದ ಮಠದ ಪ್ರವಚನದಲ್ಲಿ 'ಕಾಯಕ' ಎಂಬ ಶಬ್ದ ಬಂದಾಗಲೆಲ್ಲ ಆ ಬಾಲಕ ತಲೆ ತಗ್ಗಿಸುತ್ತಾನೆ. ಹಣ ಹೋದುದು ಒಂದು ನಷ್ಟವಾದರೆ, ಶರಣರ ನುಡಿಯ ಮೇಲಿನ ನಂಬಿಗೆ ಹೋದುದು ಅದಕ್ಕಿಂತ ದೊಡ್ಡ ನಷ್ಟ.

ಸಾವುಕಾರರು ನೆನೆದ ವಚನ ಆಯ್ದಕ್ಕಿ ಮಾರಯ್ಯನವರದು. ಆದರೆ ಅದನ್ನು ನುಡಿದವರು ಯಾರು ಎಂಬುದನ್ನು ಮರೆಯಬಾರದು. ಮಾರಯ್ಯನವರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಲ್ಲ. ನೆಲಕ್ಕೆ ಬಗ್ಗಿ ಚೆಲ್ಲಿದ ಅಕ್ಕಿಯನ್ನು ಆಯ್ದವರು. ದುಡಿಯುವವನು ತನ್ನ ದುಡಿಮೆಗೆ ತಾನೇ ಹಾಕಿಕೊಂಡ ವ್ರತವದು. ದುಡಿಸಿಕೊಳ್ಳುವವನು ಇನ್ನೊಬ್ಬರ ಹಸಿವಿನ ಮೇಲೆ ಹೊರಿಸುವ ಆಜ್ಞೆಯಲ್ಲ. ವ್ರತವು ಅನ್ಯರ ಬಾಯಿಗೆ ಹೋದೊಡನೆ ದಬ್ಬಾಳಿಕೆಯಾಗುತ್ತದೆ.

ಇಲ್ಲಿಯೇ ಮಾರಯ್ಯನವರ ಪತ್ನಿ ಲಕ್ಕಮ್ಮನವರ ಪ್ರಸಂಗವನ್ನು ನೆನೆಯಬೇಕು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳಿವರು. ಒಂದು ದಿನ ಮಾರಯ್ಯನವರು ಮಹಾಮನೆಯ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಈ ಹೆಚ್ಚಿನ ಅಕ್ಕಿ ಎಲ್ಲಿಂದ ಬಂತು ಎಂದು ವಿಚಾರಿಸಿ, ತಮಗೆ ಸಲ್ಲದ ಪಾಲನ್ನು ಹಿಂದಿರುಗಿಸಲು ಹೇಳಿದರು. ಉಳಿದುದರಲ್ಲಿಯೇ ದಾಸೋಹ ನಡೆಯಿತು.

ಈ ಪ್ರಸಂಗವನ್ನು ಹಲವರು 'ದುಡಿಯುವವನು ಅಲ್ಪದಲ್ಲಿ ತೃಪ್ತನಾಗಿರಬೇಕು' ಎಂಬ ಉಪದೇಶಕ್ಕೆ ಬಳಸುತ್ತಾರೆ. ಅದು ಅರ್ಧ ಸತ್ಯ. ಲಕ್ಕಮ್ಮನವರು ಬೇಡವೆಂದದ್ದು ತಮ್ಮ ಕಾಯಕಕ್ಕೆ ಸಲ್ಲದ ಅಕ್ಕಿಯನ್ನೇ ಹೊರತು ಸಲ್ಲಬೇಕಾದ ಅಕ್ಕಿಯನ್ನಲ್ಲ. ಹಾಗಾದರೆ ಆ ಅಂಗಡಿಯಲ್ಲಿ ಹೆಚ್ಚಿನ ಅಕ್ಕಿ ಇದ್ದುದು ಯಾರ ಸೆರಗಿನಲ್ಲಿ? ಬಾಲಕನ ಜೇಬಿನಲ್ಲಿ ಅಲ್ಲ, ಗಲ್ಲಾಪೆಟ್ಟಿಗೆಯಲ್ಲಿ. ಲಕ್ಕಮ್ಮನವರ ಪ್ರಶ್ನೆ ಮೊದಲು ಸಲ್ಲುವುದು ಅಲ್ಲಿಗೇ.

ನಾಡಿನ ಕಾನೂನೂ ಇದನ್ನೇ ತನ್ನ ಭಾಷೆಯಲ್ಲಿ ಹೇಳುತ್ತದೆ. ಹದಿನಾಲ್ಕು ತುಂಬದ ಮಕ್ಕಳನ್ನು ಅಂಗಡಿಯಲ್ಲಿ ಕೂಲಿಗಿಡುವಂತಿಲ್ಲ. ಹದಿನೆಂಟರೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿಯನ್ನು ಕೆಲಸದ ಎರಡು ದಿನಗಳೊಳಗೆ ಕೊಡಬೇಕು. ಸರಕು ಹಾಳಾಯಿತೆಂದು ಸಂಬಳ ಮುರಿಯುವ ಮೊದಲು ದುಡಿದವನ ಮಾತನ್ನು ಕೇಳಬೇಕು. ಭಕ್ತನೆನಿಸಿಕೊಂಡವನ ನಡೆ ಕಾನೂನಿಗಿಂತ ಮೇಲಿರಬೇಕೇ ಹೊರತು ಕೆಳಗಿಳಿಯಬಾರದು.

"ನಾವೂ ಬೈಸಿಕೊಂಡೇ ಕಲಿತೆವು" ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಶ್ರಮದ ರುಚಿ, ಸಮಯದ ಶಿಸ್ತು ಎಳೆಯ ವಯಸ್ಸಿನಲ್ಲಿಯೇ ಬರಬೇಕು; ತಪ್ಪಿದಾಗ ತಿದ್ದಬೇಕು. ಆದರೆ ತಿದ್ದುವುದು ಬೇರೆ, ಕೂಲಿ ಮುರಿಯುವುದು ಬೇರೆ. ಮೊದಲನೆಯದು ಕೆಲಸವನ್ನು ಕಲಿಸುತ್ತದೆ. ಎರಡನೆಯದರಿಂದ ಮಗು ಕಲಿಯುವುದು, ಬಲವಿದ್ದವರ ಲೆಕ್ಕವೇ ಲೆಕ್ಕ ಎಂಬುದನ್ನು ಮಾತ್ರ. ನಾಳೆ ಅವನೇ ಅಂಗಡಿಯಿಟ್ಟಾಗ ಅದೇ ಲೆಕ್ಕವನ್ನು ಮುಂದುವರಿಸಿಯಾನು.

ಆದುದರಿಂದ ಮಕ್ಕಳನ್ನು ಕೆಲಸಕ್ಕೆ ಕಳುಹಿಸುವ ತಂದೆತಾಯಿಗಳು ಸಂಬಳ, ವೇಳೆ, ಊಟದ ಬಿಡುವು ಇವನ್ನು ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅನ್ಯಾಯವಾದಾಗ ಕಾರ್ಮಿಕ ಇಲಾಖೆಯ ಕಚೇರಿಯಿದೆ, ಮಕ್ಕಳ ಸಹಾಯವಾಣಿ 1098 ಇದೆ, ಕೇಳಲು ನಾಚಬೇಕಾಗಿಲ್ಲ. ಕೆಲಸ ಕೊಡುವ ಭಕ್ತರು ಮಠಕ್ಕೆ ಕಾಣಿಕೆ ಸಲ್ಲಿಸುವ ಮುನ್ನ ತಮ್ಮಲ್ಲಿ ದುಡಿದವರ ಬಾಕಿ ತೀರಿದೆಯೇ ಎಂದು ಲೆಕ್ಕದ ಪುಸ್ತಕವನ್ನು ತೆರೆದು ನೋಡಲಿ. ಮುರಿದುಕೊಂಡ ಕೂಲಿಯಿಂದ ನೀಡಿದ ಅನ್ನ ಪಂಕ್ತಿಯಲ್ಲಿ ಬಡಿಸಲ್ಪಟ್ಟರೂ ದಾಸೋಹವಾಗದು.

ಆ ಬಾಲಕನ 4,500 ರೂಪಾಯಿ ಇಂದಿಗೂ ಹಿಂದಿರುಗಬಹುದು. ಲಕ್ಕಮ್ಮನವರ ಮಾತಿಗೆ ಮಾರಯ್ಯನವರು ಮಹಾಮನೆಗೆ ಮರಳಿ ಹೋಗಿ ಅಕ್ಕಿ ಸುರಿದು ಬಂದರು. ಅದರಿಂದ ಅವರು ಸಣ್ಣವರಾಗಲಿಲ್ಲ.