ಏಕಾಂಗಿಯ ವಸಾಹತು: ಒಂದು ವ್ಯೋಮಕ್ರೀಡೆಯ ಯುಕ್ತಿಯನ್ನು ಕುರಿತು

ಕನ್ನಡದಲ್ಲಿ 'ವಸಾಹತು' ಎಂಬ ಪದಕ್ಕೆ ಎರಡು ಬಾಳುವೆಗಳಿವೆ. ವಿಮರ್ಶೆಯ ಪರಿಭಾಷೆಯಲ್ಲಿ ಅದು ಹಡಗು, ಬಂದೂಕು, ಶಾಲೆ, ನಿಘಂಟುಗಳೊಡನೆ ಬಂದ ಅಧೀನತೆಯ ಹೆಸರು. 'ವಸಾಹತುಶಾಹಿ', 'ವಸಾಹತೋತ್ತರ' ಮೊದಲಾದ ರೂಪಗಳೆಲ್ಲ ಈ ಅರ್ಥದಿಂದಲೇ ಕವಲೊಡೆದಿವೆ. ನಗರದ ನಿತ್ಯವ್ಯವಹಾರದಲ್ಲಿಯಾದರೋ ಅದು 'ಕೈಗಾರಿಕಾ ವಸಾಹತು' ಎಂಬ ನಾಮಫಲಕದ ಮೇಲೆ ನಿರುಪದ್ರವಿಯಾಗಿ ನಿಂತಿದೆ. ನೆಲವನ್ನು ಅಳೆದು, ನಿವೇಶನಗಳಾಗಿ ಕತ್ತರಿಸಿ, ನೀರು ವಿದ್ಯುತ್ತುಗಳನ್ನು ಒದಗಿಸಿ ಶೆಡ್ಡು ಕಟ್ಟಿದ ಜಾಗವೂ ವಸಾಹತೇ. ಎರಡನೆಯ ಅರ್ಥದ ಹಿಂದೆ ಮೊದಲನೆಯದರ ನೆರಳು ಇದ್ದೇ ಇದೆಯೆಂದು ವಾದಿಸುವವರುಂಟು. ಆ ವಾದ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಆದರೆ ಪದ ಒಂದೇ ಆದುದರಿಂದ ವಿದ್ಯಮಾನವೂ ಒಂದೇ ಎಂದು ಭಾವಿಸುವ ಅವಸರ ನಮ್ಮ ಅಧ್ಯಯನವಲಯದಲ್ಲಿ ಇತ್ತೀಚೆಗೆ ಹೆಚ್ಚಾಗಿದೆ. ಈ ಅವಸರದ ಮಿತಿಯನ್ನು ಪರೀಕ್ಷಿಸಲು ಸಾಹಿತ್ಯದ ಹೊರಗಿನ ಒಂದು ಪಠ್ಯ ಒದಗಿಬರುತ್ತದೆ. ಅದು 'ಎಲೀಟ್ ಡೇಂಜರಸ್' ಎಂಬ ಗಣಕಕ್ರೀಡೆ.

ಈ ಆಟದ ವಂಶಾವಳಿ 1984ಕ್ಕೆ ಹೋಗುತ್ತದೆ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಎಂಬಿಬ್ಬರು ಬಿಬಿಸಿ ಮೈಕ್ರೋ ಗಣಕಕ್ಕಾಗಿ ರಚಿಸಿದ 'ಎಲೀಟ್' ಆಟದಲ್ಲಿ ಎಂಟು ನಕ್ಷತ್ರಮಂಡಲಗಳಿದ್ದು, ಒಂದೊಂದರಲ್ಲೂ 256 ಲೋಕಗಳಿದ್ದವು. ಅಷ್ಟನ್ನೂ 32 ಕಿಲೋಬೈಟ್‌ಗಳ ಸ್ಮೃತಿಯಲ್ಲಿ ಸೇರಿಸಿಡುವುದು ಅಸಾಧ್ಯವಾದ್ದರಿಂದ, ಒಂದು ಬೀಜಸಂಖ್ಯೆಯಿಂದ ಲೋಕಗಳನ್ನು ಆಯಾ ಕ್ಷಣಕ್ಕೆ ಹುಟ್ಟಿಸುವ ಉಪಾಯವನ್ನು ಅವರು ಕಂಡುಕೊಂಡರು. ಆಟಗಾರನ ಕೈಯಲ್ಲಿ ಒಂದು ನೌಕೆ, ನೂರು ನಾಣ್ಯ. ಉಳಿದುದೆಲ್ಲ ಅವನ ಸಾಮರ್ಥ್ಯ. ಒಬ್ಬನೇ ಮನುಷ್ಯ, ಒಂದೇ ಹಡಗು, ಅಪಾರ ಶೂನ್ಯ ಎಂಬ ಕಥನದ ಚೌಕಟ್ಟು ಅಂದೇ ಸಿದ್ಧವಾಯಿತು. 2014ರ ಡಿಸೆಂಬರಿನಲ್ಲಿ ಬಂದ 'ಎಲೀಟ್ ಡೇಂಜರಸ್' ನಮ್ಮ ಆಕಾಶಗಂಗೆಯನ್ನೇ ಮೂಲಪ್ರಮಾಣದಲ್ಲಿ, ಸುಮಾರು 40,000 ಕೋಟಿ ನಕ್ಷತ್ರವ್ಯವಸ್ಥೆಗಳೊಡನೆ, ರೂಪಿಸಿ ಅದೇ ಒಂಟಿ ಪಯಣಿಗನ ಮುಂದಿಟ್ಟಿತು. ಅಲ್ಲಿಂದ ಹತ್ತು ವರ್ಷಗಳಿಗೂ ಮೀರಿ ಅವನು ವ್ಯಾಪಾರ ಮಾಡಿದ, ಕಾದಿದ, ಅಲೆದ. ಆದರೆ ಎಲ್ಲಿಯೂ ನೆಲೆಯೂರಲಿಲ್ಲ. 2025ರ ಫೆಬ್ರವರಿ 26ರಂದು 'ಟ್ರೇಲ್‌ಬ್ಲೇಜರ್ಸ್' ಎಂಬ ಪರಿಷ್ಕರಣದೊಡನೆ ಬಂದ ವಸಾಹತು ನಿರ್ಮಾಣದ ಅವಕಾಶವು ಈ ಕಥನವನ್ನು ಬುಡದಿಂದ ಅಲುಗಿಸಿದೆ. ಅಲೆಮಾರಿಯು ಒಮ್ಮೆಲೇ ಮನೆಗಾರನಾಗಬೇಕಾಯಿತು.

ಕ್ರಮ ಸ್ಥೂಲವಾಗಿ ಹೀಗಿದೆ. ಜನವಸತಿಯಿರುವ ಒಂದು ನಿಲ್ದಾಣದಲ್ಲಿ ಆಟಗಾರನು ಶುಲ್ಕ ತೆತ್ತು, ಸಮೀಪದ ನಿರ್ಜನ ನಕ್ಷತ್ರವ್ಯವಸ್ಥೆಯೊಂದರ ಮೇಲೆ ಹಕ್ಕು ಹೂಡುತ್ತಾನೆ. ಈ ಸಾಮೀಪ್ಯವು ಆರಂಭದಲ್ಲಿ 10 ಜ್ಯೋತಿರ್ವರ್ಷವಿದ್ದು, ಅನಂತರ 15ಕ್ಕೆ ಏರಿತು. ಅಲ್ಲಿಗೆ ಹೋಗಿ ಒಂದು ಸಂಕೇತದೀಪವನ್ನು ನೆಟ್ಟರೆ ನಿರ್ಮಾಣನೌಕೆ ಬಂದು ನಿಲ್ಲುತ್ತದೆ. ಅಲ್ಲಿಂದ ನಾಲ್ಕು ವಾರಗಳೊಳಗೆ ಮೊದಲ ಬಂದರಿಗೆ ಬೇಕಾದ ಸಮಸ್ತ ಸಾಮಗ್ರಿಯನ್ನೂ ತಂದು ಸುರಿಯಬೇಕು. ತಪ್ಪಿದರೆ ಹಕ್ಕು ಬಿದ್ದುಹೋಗುತ್ತದೆ. ಉಕ್ಕು, ಟೈಟಾನಿಯಮ್, ಅಲ್ಯೂಮಿನಿಯಮ್, ದ್ರವ ಆಮ್ಲಜನಕ, ಪಾಲಿಮರು, ನೀರು, ತರಕಾರಿ, ವಿದ್ಯುಜ್ಜನಕ, ವೈದ್ಯಕೀಯ ಉಪಕರಣ ಎಂದು ಸಾಗುವ ಆ ಪಟ್ಟಿಯು ಮದುವೆಯ ಮನೆಯ ಸಾಮಾನಿನ ಚೀಟಿಯನ್ನು ನೆನಪಿಸುವಂತಿದೆ. ಇದನ್ನು ಪೂರೈಸಿದವನಿಗೆ ದೊರೆಯುವ ಬಿರುದು ರಾಜ್ಯಪಾಲನದಲ್ಲ, ದೊರೆಯದೂ ಅಲ್ಲ; 'ವ್ಯವಸ್ಥೆಯ ವಾಸ್ತುಶಿಲ್ಪಿ' ಎಂಬುದು. ಆಳುವ ಹಕ್ಕು ಯಾವುದೋ ಒಂದು ಬಣಕ್ಕೆ ಸೇರುತ್ತದೆ. ಎಲ್ಲಿ ಏನು ಕಟ್ಟಬೇಕೆಂಬ ತೀರ್ಮಾನ ಮತ್ತು ವಾರಕ್ಕೊಮ್ಮೆ ಬರುವ ಒಂದಿಷ್ಟು ಆದಾಯ, ಇವಷ್ಟೇ ಶಿಲ್ಪಿಯ ಪಾಲು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಬೇಡಿಕೆಯು ಆಟಗಾರರ ಸಂಖ್ಯೆಯನ್ನು ಅರಿಯದು. ಒಬ್ಬನೇ ಕಟ್ಟಲಿ, ನೂರು ಮಂದಿ ಕೂಡಿ ಕಟ್ಟಲಿ, ಟನ್ನು ಟನ್ನೇ. ಅತ್ಯಂತ ಕಿರಿಯ ಹೊರಠಾಣ್ಯಕ್ಕೆ ಸುಮಾರು 20,000 ಟನ್ನು ಬೇಕು; ಕೋರಿಯೋಲಿಸ್ ಮಾದರಿಯ ನಿಲ್ದಾಣಕ್ಕೆ 50,000 ಟನ್ನಿಗೂ ಮಿಗಿಲು; ಆರ್ಬಿಸ್‌ನಂಥ ಮಹಾನಿಲ್ದಾಣಕ್ಕೆ 2 ಲಕ್ಷ ಟನ್ನಿನ ಆಸುಪಾಸು. ಬಹುಕಾಲ ಸಾಗಣೆಯ ಎತ್ತಾಗಿದ್ದ 'ಟೈಪ್-9 ಹೆವಿ' ನೌಕೆಯು ರಕ್ಷಾಕವಚವನ್ನೂ ಕಳಚಿಟ್ಟರೆ ಒಮ್ಮೆಗೆ 790 ಟನ್ನಿನಷ್ಟು ಹೊರುತ್ತದೆ. ಒಂದು ಸುತ್ತಿಗೆ ಇಪ್ಪತ್ತು ನಿಮಿಷವೆಂದು ಉದಾರವಾಗಿ ಲೆಕ್ಕ ಹಿಡಿದರೂ, ಹೊರಠಾಣ್ಯಕ್ಕೆ 26 ಸುತ್ತು, ಒಂಬತ್ತು ಗಂಟೆಗೆ ಸ್ವಲ್ಪ ಕಡಿಮೆ. ಆರ್ಬಿಸ್‌ಗೆ 254 ಸುತ್ತು, ಸುಮಾರು 85 ಗಂಟೆ. ಇದನ್ನು ನಾಲ್ಕು ವಾರಗಳಿಗೆ ಹಂಚಿದರೆ ದಿನಕ್ಕೆ ಮೂರು ಗಂಟೆ, ಒಂದು ದಿನವೂ ತಪ್ಪದಂತೆ. ಕಚೇರಿಯಿಂದ ಮರಳಿದವನಿಗಾಗಲಿ, ಮಗುವನ್ನು ಮಲಗಿಸಿ ಬಂದವಳಿಗಾಗಲಿ ಇದು ಎರಡನೆಯ ಉದ್ಯೋಗವಲ್ಲದೆ ಬೇರೆಯಲ್ಲ. ಗಡುವು ಇಲ್ಲಿ ಕೌಶಲವನ್ನು ಅಳೆಯುತ್ತಿಲ್ಲ, ಬಿಡುವನ್ನು ಅಳೆಯುತ್ತಿದೆ. ನಿರ್ಮಾಪಕರನ್ನು ಈ ಬಗೆಗೆ ಆಕ್ಷೇಪಿಸುವುದು ನ್ಯಾಯವೇ ಆಗಿದೆ. ಆದರೆ ಆಕ್ಷೇಪವು ಟನ್ನುಗಳ ಮೇಲಿರದೆ ಗಡುವಿನ ಮೇಲಿರಬೇಕು. ಭಾರ ಎಲ್ಲರಿಗೂ ಒಂದೇ ಆಗಿರುವುದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ. ಕಾಲವನ್ನು ಎಲ್ಲರಿಗೂ ಒಂದೇ ಎಂದು ಭಾವಿಸುವುದರಲ್ಲಿ ಅದಿಲ್ಲ.

ಏಕಾಂಗಿ ವಸಾಹತುಗಾರರು ಈ ಒತ್ತಡಕ್ಕೆ ಕಂಡುಕೊಂಡ ಯುಕ್ತಿಗಳು ಹಲವು. ಮೊದಲನೆಯದು ಕ್ರಮವನ್ನೇ ತಲೆಕೆಳಗು ಮಾಡುವುದು. ಹಕ್ಕು ಹೂಡಿ ಸಾಮಾನು ಹುಡುಕುವುದರ ಬದಲು, ಸಾಮಾನು ಕೂಡಿಸಿಟ್ಟು ಹಕ್ಕು ಹೂಡುವುದು. ಬೇಕಾಗುವ ವಸ್ತುಗಳ ಅಂದಾಜು ಮೊದಲೇ ತಿಳಿದಿರುವುದರಿಂದ ಇದು ಸಾಧ್ಯ. ಆದರೆ ಕೂಡಿಸಿಡಲು ಕಣಜ ಬೇಕು. 25,000 ಟನ್ ಹಿಡಿಯುವ, ಒಂದೇ ನೆಗೆತಕ್ಕೆ 500 ಜ್ಯೋತಿರ್ವರ್ಷ ದಾಟುವ 'ಫ್ಲೀಟ್ ಕ್ಯಾರಿಯರ್' ಎಂಬ ತಾಯಿಹಡಗೇ ಆ ಕಣಜ. ಅದರ ಬೆಲೆ 500 ಕೋಟಿ ನಾಣ್ಯ, ಜೊತೆಗೆ ವಾರವಾರದ ನಿರ್ವಹಣಾ ವೆಚ್ಚ. ಕಣಜವುಳ್ಳ ಏಕಾಂಗಿಗೆ ನಾಲ್ಕು ವಾರದ ಗಡುವು ಒಂದು ಸಂಜೆಯ ಕೆಲಸವಾಗಿ ಕುಗ್ಗುತ್ತದೆ. ಕಣಜವಿಲ್ಲದ ಏಕಾಂಗಿಗೆ ಅದು ಗಡುವಾಗಿಯೇ ಉಳಿಯುತ್ತದೆ. 2025ರಲ್ಲಿ ಬಂದ 'ಪ್ಯಾಂಥರ್ ಕ್ಲಿಪ್ಪರ್' ನೌಕೆಯು 1,200 ಟನ್ನಿಗೂ ಮಿಕ್ಕಿ ಹೊತ್ತು ಸುತ್ತುಗಳನ್ನು ಮೂರನೆಯ ಒಂದು ಪಾಲಿನಷ್ಟು ಕಡಿಮೆ ಮಾಡಿತು. ಅದು ಮೊದಲು ದೊರೆತುದು ನಿಜವಾದ ಹಣ ತೆತ್ತವರಿಗೆ, ಆಟದೊಳಗಿನ ನಾಣ್ಯಕ್ಕೆ ದೊರೆತುದು ಅನಂತರ. ಒಂಟಿಗರಲ್ಲಿಯೂ ವರ್ಗಗಳುಂಟು ಎಂಬುದು ಇಲ್ಲಿ ಯಾವ ಸಿದ್ಧಾಂತದ ನೆರವೂ ಇಲ್ಲದೆ ಸ್ಪಷ್ಟವಾಗುತ್ತದೆ.

ಎರಡನೆಯ ಯುಕ್ತಿ ಹೆಚ್ಚು ಸೂಕ್ಷ್ಮವಾದುದು. ಮೊದಲ ಬಂದರಿಗೆ ನಿರ್ಮಾಣಾಂಕಗಳ ವೆಚ್ಚವಿಲ್ಲ. ಮುಂದಿನ ದೊಡ್ಡ ಬಂದರುಗಳಿಗೆ ಅಂಕಗಳು ಬೇಕು, ಮತ್ತು ಒಂದೊಂದು ಬಂದರಿಗೂ ಬೆಲೆ ಏರುತ್ತದೆ. ಆದ್ದರಿಂದ ಮೊದಲನೆಯದನ್ನೇ ಬೃಹತ್ತಾಗಿ ಕಟ್ಟಬೇಕೆಂದು ಗಣಿತ ಹೇಳುತ್ತದೆ. ಆದರೆ ಮೊದಲನೆಯದಕ್ಕೆ ಮಾತ್ರ ಗಡುವಿದೆ, ಉಳಿದವಕ್ಕಿಲ್ಲ. ಆದ್ದರಿಂದ ಅದನ್ನು ಅತಿ ಚಿಕ್ಕದಾಗಿ ಮುಗಿಸಬೇಕೆಂದು ಬದುಕು ಹೇಳುತ್ತದೆ. ವಿವೇಕಿಯಾದ ಏಕಾಂಗಿಯು ಎರಡನೆಯ ಮಾತನ್ನು ಕೇಳುತ್ತಾನೆ. ಹೊರಠಾಣ್ಯವೊಂದನ್ನು ಮುಗಿಸಿ, ಅಂಕಗಳ ನಷ್ಟವನ್ನು ಒಪ್ಪಿಕೊಂಡು, ಆಮೇಲೆ ಅವಸರವಿಲ್ಲದೆ ಚಿಕ್ಕಚಿಕ್ಕ ನೆಲೆಗಳನ್ನು ಕಟ್ಟುತ್ತ ಅಂಕಗಳನ್ನು ಗಳಿಸುತ್ತಾನೆ. ಬಂದರು ಯಾವ ಗ್ರಹವನ್ನು ಸುತ್ತುತ್ತದೋ ಆ ಗ್ರಹದ ಗುಣ ಅದರ ಆರ್ಥಿಕತೆಗೆ ಅಂಟುತ್ತದೆ. ಬಂಡೆಗ್ರಹದ ಬಳಿ ಕಟ್ಟಿದರೆ ಲೋಹ ಸಂಸ್ಕರಣೆ ಬೆಳೆಯುತ್ತದೆ. ಹಾಗೆ ಬೆಳೆದ ಬಂದರು ಮುಂದಿನ ಕಟ್ಟಡಕ್ಕೆ ಬೇಕಾದ ಲೋಹವನ್ನು ಅಲ್ಲಿಯೇ ಒದಗಿಸುತ್ತದೆ. ತನ್ನ ಮನೆಯ ಇಟ್ಟಿಗೆಯನ್ನು ತನ್ನ ಹಿತ್ತಲಲ್ಲೇ ಸುಟ್ಟುಕೊಳ್ಳುವ ರೈತನ ಜಾಣತನ ಇದು. ಈ ಆಟದ ಯುಕ್ತಿಗಳಲ್ಲಿ ಶ್ಲಾಘನೀಯವಾದುದನ್ನು ಆಯುವುದಾದರೆ ಇದನ್ನೇ ಆಯಬೇಕು.

ಇಷ್ಟಾದರೂ 'ಏಕಾಂಗಿ' ಎಂಬ ವಿಶೇಷಣ ಎಷ್ಟು ನಿಜ ಎಂಬ ಪ್ರಶ್ನೆ ಉಳಿಯುತ್ತದೆ. ಆಟಕ್ಕೆ ಮೂರು ದ್ವಾರಗಳಿವೆ: ಎಲ್ಲರಿಗೂ ತೆರೆದುದು, ಆಪ್ತಗುಂಪಿನದು ಮತ್ತು ಒಂಟಿಯದು. ಒಂಟಿದ್ವಾರದಿಂದ ಒಳಹೊಕ್ಕವನಿಗೆ ಇನ್ನೊಬ್ಬ ಮನುಷ್ಯನ ನೌಕೆ ಎಂದೂ ಕಾಣಿಸದು. ಆದರೆ ಆಕಾಶಗಂಗೆ ಮೂವರಿಗೂ ಒಂದೇ. ಬೆಳಗ್ಗೆ ತುಂಬಿದ್ದ ಸಂಯುಕ್ತಲೋಹದ ಮಾರುಕಟ್ಟೆ ಸಂಜೆಗೆ ಬರಿದಾಗಿದ್ದರೆ, ಅದನ್ನು ಕೊಂಡೊಯ್ದ ಕೈ ಕಾಣದಿದ್ದರೂ ಇದ್ದೇ ಇದೆ. ಸಿಎಂಎಂ ಕಾಂಪೊಸಿಟ್ ಎಂಬ ಸಾಮಗ್ರಿಗೆ ಆರಂಭದ ವಾರಗಳಲ್ಲಿ ಉಂಟಾದ ಕ್ಷಾಮವನ್ನು ಎಲ್ಲ ದ್ವಾರದವರೂ ಸಮಾನವಾಗಿ ಉಂಡರು. ಇದಕ್ಕೆ ಪ್ರತಿಯಾದುದೂ ನಿಜ. ಒಬ್ಬನು ಆರಂಭಿಸಿದ ನಿರ್ಮಾಣಕ್ಕೆ ಅಪರಿಚಿತನೊಬ್ಬ ದಾರಿಯಲ್ಲಿ ಸರಕನ್ನು ಇಳಿಸಿ ಹೋಗಬಹುದು. ಶಿಲ್ಪಿಗೆ ಮರುದಿನ ಪಟ್ಟಿಯಲ್ಲಿ ಉಕ್ಕು ಸಾವಿರ ಟನ್ನು ಕಡಿಮೆಯಾಗಿರುವುದಷ್ಟೇ ಕಾಣುತ್ತದೆ. ಹೀಗಾಗಿ ಈ ಏಕಾಂತವು ಕಣ್ಣಿನ ಏಕಾಂತವೇ ಹೊರತು ಸಂತೆಯ ಏಕಾಂತವಲ್ಲ. ಸಂತೆಗೆ ಬೆನ್ನು ತಿರುಗಿಸಿ ಕುಳಿತವನೂ ಸಂತೆಯ ಉಪ್ಪನ್ನೇ ತಿನ್ನುತ್ತಾನೆ.

ಇದೇ ಆಟದ ಚರಿತ್ರೆಯಲ್ಲಿ ಕೂಡುಬಾಳಿನ ವಸಾಹತಿಗೂ ಒಂದು ನಿದರ್ಶನವಿದೆ. 2016ರಲ್ಲಿ ಜಾಕ್ಸ್ ಎಂಬ ಪಾತ್ರದ ನಿಲ್ದಾಣವು ಆಕಾಶಗಂಗೆಯ ಅಂಚಿನ ಬೀಗಲ್ ಪಾಯಿಂಟ್‌ಗೆ ನೆಗೆಯಲು ಹೋಗಿ, ದಾರಿ ತಪ್ಪಿ, ಭೂಮಿಯಿಂದ ಸುಮಾರು 22,000 ಜ್ಯೋತಿರ್ವರ್ಷ ದೂರದಲ್ಲಿ ಮುರಿದು ನಿಂತಿತು. ಆಟಗಾರರು ಅದನ್ನು ಹುಡುಕಿ, ಸಾಮಗ್ರಿ ಹೊತ್ತು, ದುರಸ್ತಿ ಮಾಡಿದರು; ಆ ನೆಲೆಯೇ ಮುಂದೆ ಕಲೋನಿಯಾ ಎಂಬ ನಾಡಾಗಿ ಬೆಳೆಯಿತು. ಅದು ಯಾರ ಯುಕ್ತಿಯೂ ಆಗಿರಲಿಲ್ಲ. ಅಪಘಾತಕ್ಕೆ ಒದಗಿದ ನೆರವು ಊರಾಯಿತು. ಈಗಿನ ಪದ್ಧತಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಅಭ್ಯಾಸ ಬೇರೂರಿದೆ. 15 ಜ್ಯೋತಿರ್ವರ್ಷದ ಮಿತಿಯಿಂದಾಗಿ ದೂರದ ಸುಂದರ ತಾಣವನ್ನು ಮುಟ್ಟಬಯಸುವವರು ನಡುವೆ ಸರಪಣಿಯಂತೆ ಹೊರಠಾಣ್ಯಗಳನ್ನು ಕಟ್ಟುತ್ತ ಹೋಗುತ್ತಾರೆ. ಒಂದನ್ನು ಮುಗಿಸಿದೊಡನೆ ಅದರ ಬೆನ್ನ ಮೇಲೆ ಕಾಲಿಟ್ಟು ಮುಂದಿನದಕ್ಕೆ. ಹಿಂದೆ ಉಳಿಯುವುದು ಮತ್ತೆ ಯಾರೂ ಇಳಿಯದ ಬಸ್ಸು ನಿಲ್ದಾಣಗಳ ಸಾಲು. ನಕ್ಷೆಯ ಮೇಲೆ ಇದು ವಿಸ್ತಾರವೆಂದು ಕಾಣುತ್ತದೆ. ಒಂಟಿಯಾಗಿ ಒಂದೇ ವ್ಯವಸ್ಥೆಯಲ್ಲಿ ನಿಂತು ಆರು ತಿಂಗಳು ಕಟ್ಟಿದವನ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, 'ವಸತಿ' ಎಂಬ ಮಾತಿಗೆ ಅರ್ಹವಾದುದು ಯಾವುದೆಂಬುದರಲ್ಲಿ ಸಂಶಯ ಉಳಿಯದು.

ಇನ್ನು ವಸಾಹತೋತ್ತರ ಓದಿನ ಮಾತು. ಈ ಆಟವನ್ನು ಸಾಮ್ರಾಜ್ಯದ ಹಗಲುಗನಸೆಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡಬಹುದು. ಬ್ರಿಟನ್ನಿನ ಸಂಸ್ಥೆಯೊಂದು ಅದನ್ನು ರೂಪಿಸಿರುವುದರಿಂದ ಆ ಪ್ರಲೋಭನೆ ಇನ್ನಷ್ಟು ಬಲವಾಗುತ್ತದೆ. ಆದರೆ ಇಲ್ಲಿ ಯಾರನ್ನೂ ಒಕ್ಕಲೆಬ್ಬಿಸುವುದಿಲ್ಲ, ಕಂದಾಯ ಕೀಳುವುದಿಲ್ಲ; ನಡೆಯುವುದು ಬರಿಯ ಹೊರೆ ಹೊರುವ ಕೆಲಸ. ಡೇನಿಯಲ್ ಡಿಫೋ 1719ರಲ್ಲಿ ಸೃಷ್ಟಿಸಿದ ರಾಬಿನ್ಸನ್ ಕ್ರೂಸೋ ದ್ವೀಪದಲ್ಲಿ ತನ್ನ ಒಳಿತು ಕೆಡುಕುಗಳನ್ನು ಜಮಾಖರ್ಚಿನಂತೆ ಬರೆದಿಟ್ಟುಕೊಂಡ. ಈ ಆಟಗಾರನ ಟನ್ನುಪಟ್ಟಿ ಅದಕ್ಕೆ ಹತ್ತಿರದ ನೆಂಟ. ವ್ಯತ್ಯಾಸವೆಂದರೆ, ಕ್ರೂಸೋನಿಗೆ ದುಡಿಯಲು ಶುಕ್ರವಾರ ಎಂಬ ಆಳು ಸಿಕ್ಕಿದ. ಈತನಿಗೆ ಸಿಗುವುದು ಗುರುವಾರ, ಎಂದರೆ ಆಟದ ಸರ್ವರುಗಳ ವಾರದ ನಿರ್ವಹಣೆ ನಡೆದು, ಮುಗಿದ ಬಂದರು ತೆರೆದುಕೊಳ್ಳುವ ದಿನ. ತನ್ನ ಹೊರೆಯನ್ನು ತಾನೇ ಹೊರುವ ವಸಾಹತುಗಾರನನ್ನು ವಸಾಹತುಶಾಹಿಯ ಚರಿತ್ರೆಯಲ್ಲಿ ಹುಡುಕುವುದು ಕಷ್ಟ.

ಹಾಗೆಂದು ಆಟ ಸಂಪೂರ್ಣ ಮುಗ್ಧವೂ ಅಲ್ಲ. ನೆಲ ನಿರ್ಜನವೆಂಬುದು ಇಲ್ಲಿ ಕಂಡುಕೊಂಡ ಸತ್ಯವಲ್ಲ, ರಚನೆಕಾರರು ವಿಧಿಸಿದ ನಿಯಮ. ಯಾರದೂ ಅಲ್ಲದ ನೆಲ ಎಂಬ ಕಲ್ಪನೆಯನ್ನು ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯವು ಮಾಬೊ ಪ್ರಕರಣದಲ್ಲಿ ತಿರಸ್ಕರಿಸಿದ್ದು 1992ರಲ್ಲಿ. ಆ ಕಲ್ಪನೆಯು ವ್ಯೋಮಕ್ರೀಡೆಗಳಲ್ಲಿ ಮಾತ್ರ ಇಂದಿಗೂ ಪ್ರಶ್ನಾತೀತವಾಗಿದೆ. ಈ ಆಕಾಶಗಂಗೆಯಲ್ಲಿ ಮನುಷ್ಯರಲ್ಲದವರು ಇದ್ದಾರೆ. ಥಾರ್ಗಾಯ್ಡ್ ಎಂಬ ಕೀಟಸದೃಶ ಜೀವಿಗಳೊಡನೆ ನಡೆದ ದೀರ್ಘ ಯುದ್ಧವು 2024ರ ಡಿಸೆಂಬರಿನಲ್ಲಿ ಸೂರ್ಯಮಂಡಲದಲ್ಲಿಯೇ, ಕೊಸಿಹೋ ಎಂಬ ಅವರ ಮಹಾನೌಕೆಯ ನಾಶದೊಡನೆ ತಣ್ಣಗಾಯಿತು. ವಸಾಹತು ನಿರ್ಮಾಣದ ಅವಕಾಶ ಬಂದುದು ಅದಾದ ಎರಡು ತಿಂಗಳಿಗೆ. ಮೊದಲು ಯುದ್ಧ, ಆಮೇಲೆ ನಿವೇಶನ ಹಂಚಿಕೆ ಎಂಬ ಈ ಅನುಕ್ರಮ ಆಕಸ್ಮಿಕವೇ ಇರಬಹುದು; ಆದರೂ ಚರಿತ್ರೆಯ ವಿದ್ಯಾರ್ಥಿಗೆ ಅದು ತೀರ ಅಪರಿಚಿತವಾಗಿ ತೋರದು.

ಇದಕ್ಕಿಂತ ಕಾಡುವ ಸಂಗತಿ ಇನ್ನೊಂದಿದೆ. ಬಂದರು ತೆರೆದ ದಿನ ವ್ಯವಸ್ಥೆಯ ವಿವರಗಳಲ್ಲಿ ಜನಸಂಖ್ಯೆ ಎಂಬ ಸಾಲಿನ ಮುಂದೆ ಸೊನ್ನೆ ಹೋಗಿ ಒಂದು ಅಂಕಿ ಬರುತ್ತದೆ. ಅವರು ಎಲ್ಲಿಂದ ಬಂದರು, ಯಾವ ಊರು ತೊರೆದು ಬಂದರು, ಯಾವ ನುಡಿಯಾಡುತ್ತಾರೆ ಎಂಬುದಕ್ಕೆ ಆಟದಲ್ಲಿ ಎಡೆಯಿಲ್ಲ. ಶಿಲ್ಪಿಯು ತಾನು ತಂದ ತರಕಾರಿಯ ಟನ್ನುಗಳನ್ನು ಒಂದೊಂದಾಗಿ ಬಲ್ಲ. ಅದನ್ನು ಉಣ್ಣುವವರಲ್ಲಿ ಒಬ್ಬನ ಹೆಸರನ್ನೂ ಅರಿಯ. ಭದ್ರತೆ, ಸಂಪತ್ತು, ಜೀವನಮಟ್ಟ ಎಂಬ ಸೂಚ್ಯಂಕಗಳು ಅವನೆದುರು ಏರಿಳಿಯುತ್ತವೆ. ಅವನು ಅವುಗಳನ್ನು ಒಮ್ಮೆ ನೋಡಿ, ಮುಂದಿನ ಕಟ್ಟಡದ ಪಟ್ಟಿಯನ್ನು ತೆರೆಯುತ್ತಾನೆ. ಅದರ ಮೊದಲ ಸಾಲುಗಳಲ್ಲಿಯೂ ಉಕ್ಕು ಮತ್ತು ಅಲ್ಯೂಮಿನಿಯಮ್ ಇವೆ.