ಗುಡ್ಡದ ಮರಿ ಗುಡ್ಡದಲ್ಲೇ ಇರಲಿ

ಜಾತ್ರೆ, ಸಂತೆಗಳಿಗೆ ಕರಡಿ ಕುಣಿಸುವವರು ಬರುತ್ತಿದ್ದ ಕಾಲವನ್ನು ಇಂದಿನ ಪಾಲಕರಲ್ಲಿ ಅನೇಕರು ಕಂಡಿದ್ದಾರೆ. ಡಮರುಗದ ಸದ್ದು ಕೇಳಿದರೆ ಸಾಕು, ಓಣಿಯ ಹುಡುಗರೆಲ್ಲ ಅದರ ಹಿಂದೆ. ಅಂಜುಬುರುಕ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತದೆಂಬ ನಂಬಿಕೆ. ಅದರ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುವ ರೂಢಿ. ಕುಣಿತವೆಂದು ಎಲ್ಲರೂ ನೋಡಿದ್ದು ಮಾತ್ರ ನೋವಿನ ಒದ್ದಾಟ. ಮೂತಿಗೆ ಕಾದ ಸೂಜಿಯಿಂದ ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು, ಕೋರೆಹಲ್ಲು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗ ಪ್ರಾಣಿ ಹಿಂಗಾಲ ಮೇಲೆ ಏಳದೆ ಏನು ಮಾಡೀತು?

1972ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತಾದರೂ ಈ ಆಟ ನಿಲ್ಲಲು ಬಹಳ ವರ್ಷ ಹಿಡಿಯಿತು. ಕರಡಿಯನ್ನು ಕಿತ್ತುಕೊಂಡರೆ ಆಡಿಸುವವನ ಮನೆಯ ಒಲೆ ಉರಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬೇಕಾಗಿತ್ತು. 1995ರಲ್ಲಿ ಆರಂಭವಾದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಖಲಂದರ್ ಕುಟುಂಬಗಳಿಗೆ ಬೇರೆ ಉದ್ಯೋಗ, ಅವರ ಮಕ್ಕಳಿಗೆ ಶಾಲೆ ಎಂಬ ದಾರಿ ಹಿಡಿಯಿತು. ಆರುನೂರಕ್ಕೂ ಹೆಚ್ಚು ಕರಡಿಗಳ ಹಗ್ಗ ಬಿಚ್ಚಿತು. 2009ರ ಡಿಸೆಂಬರ್‌ನಲ್ಲಿ ದೇಶದ ಕೊನೆಯ ಕುಣಿಯುವ ಕರಡಿಯೆಂದು ಹೆಸರಾದ ರಾಜು ಬಂದು ಸೇರಿದ್ದು ನಮ್ಮ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರಕ್ಕೆ.

ಹಗ್ಗ ಬಿಚ್ಚಿದ ಮೇಲೆ ಕಾಡಿಗೇಕೆ ಬಿಡಲಿಲ್ಲ? ತರಗತಿಯಲ್ಲಿ ಈ ಪ್ರಶ್ನೆ ಕೇಳದ ವಿದ್ಯಾರ್ಥಿ ಇರಲಾರ. ಉತ್ತರ ಕರಡಿಯ ಬಾಲ್ಯದಲ್ಲಿದೆ. ಮರಿ ಹುಟ್ಟುವುದು ಬಂಡೆಗಳ ನಡುವಿನ ಗವಿಯಲ್ಲಿ. ಕಣ್ಣು ತೆರೆಯಲು ಸುಮಾರು ಮೂರು ವಾರ ಬೇಕು. ಎರಡು ಮೂರು ತಿಂಗಳಿಗೆ ತಾಯಿಯ ಬೆನ್ನೇರಿ ಹೊರಬರುತ್ತದೆ. ಅಲ್ಲಿಂದ ಮುಂದೆ ಎರಡು, ಎರಡೂವರೆ ವರ್ಷದವರೆಗೂ ಅದು ತಾಯಿಯ ಜೊತೆಗೇ ಇರುತ್ತದೆ. ಗೆದ್ದಲಿರುವ ಹುತ್ತ ಯಾವುದು, ಕಾರೆ, ಕವಳೆ, ಬಾರಿ ಹಣ್ಣಾಗುವುದು ಯಾವಾಗ, ಬೇಸಿಗೆಯಲ್ಲಿ ನೀರು ಎಲ್ಲಿ, ಚಿರತೆಯ ವಾಸನೆ ಬಂದರೆ ಏನು ಮಾಡಬೇಕು, ಇವೆಲ್ಲ ಆ ಶಾಲೆಯ ಪಾಠ. ಹುತ್ತ ಒಡೆದು, ಮೂಗಿನ ಹೊಳ್ಳೆ ಮುಚ್ಚಿ, ಮೇಲ್ದವಡೆಯಲ್ಲಿ ಎರಡು ಮುಂಬಲ್ಲುಗಳಿಲ್ಲದ ಜಾಗದಿಂದ ಗೆದ್ದಲನ್ನು ಹೀರುವುದು ಅಷ್ಟು ಸುಲಭದ ವಿದ್ಯೆಯಲ್ಲ. (1791ರಲ್ಲಿ ಜಾರ್ಜ್ ಷಾ ಎಂಬ ಇಂಗ್ಲಿಷ್ ವಿಜ್ಞಾನಿ ಈ ಪ್ರಾಣಿಯನ್ನು ಅಮೆರಿಕದ ಮಂದಗತಿಯ ಸ್ಲಾತ್‌ನ ಕುಲಕ್ಕೆ ಸೇರಿಸಿಬಿಟ್ಟ. ‘ಸ್ಲಾತ್ ಬೇರ್’ ಎಂಬ ಹೆಸರು ಇಂದಿಗೂ ಉಳಿದಿದೆ. ಕರಡಿ ಹುತ್ತ ಅಗೆಯುವುದನ್ನು ಆತ ಒಮ್ಮೆ ನೋಡಬೇಕಿತ್ತು!) ಕಳ್ಳಬೇಟೆಯವರು ಮರಿಯನ್ನು ಹಾಲು ಬಿಡುವ ಮೊದಲೇ ಕದ್ದು ತರುತ್ತಿದ್ದರು, ಬಹಳ ಸಲ ತಾಯಿಯನ್ನು ಕೊಂದು. ಹಲ್ಲೂ ಇಲ್ಲ, ಪಾಠವೂ ಇಲ್ಲ. ಅಂಥ ಕರಡಿ ಕಾಡಿನಲ್ಲಿ ಎಷ್ಟು ದಿನ ಬದುಕೀತು?

ಹಾಗಾಗಿ ಅದನ್ನು ಕೊನೆಯವರೆಗೂ ಸಾಕಬೇಕು. ಆಗ್ರಾ ಬಳಿಯ ಕೀಠಮ್‌ನಲ್ಲಿರುವ ಕರಡಿ ಕೇಂದ್ರಕ್ಕೆ ಈ ಕೆಲಸದಲ್ಲಿ ಕೈಜೋಡಿಸಲು ದೇಶ ವಿದೇಶಗಳ ಸ್ವಯಂಸೇವಕರು ಬರುತ್ತಾರೆ. ಕರಡಿಯನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುವ ಆಸೆಯಿಂದ ಹೋದವರಿಗೆ ಅಲ್ಲಿ ನಿರಾಸೆಯೇ ಗತಿ. ಹಣ್ಣು ಹೆಚ್ಚುವುದು, ಗಂಜಿಗೆ ನೆರವಾಗುವುದು, ಆವರಣ ಗುಡಿಸುವುದು, ಬೇಸರ ಕಳೆಯಲೆಂದು ಮರದ ದಿಮ್ಮಿಯ ಸಂದಿಯಲ್ಲಿ ಜೇನು ಸವರಿಡುವುದು, ಇದೇ ದಿನಚರಿ. ಮುಟ್ಟುವಂತಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಕ್ಕಳು ಅಷ್ಟು ದೂರ ಹೋಗಬೇಕಾಗಿಲ್ಲ. ಕೂಡ್ಲಿಗಿ ತಾಲ್ಲೂಕಿನಲ್ಲೇ 2013ರಲ್ಲಿ ಘೋಷಣೆಯಾದ ಗುಡೇಕೋಟೆ ಕರಡಿ ಧಾಮವಿದೆ. ಹಂಪಿಗೆ ಸಮೀಪದ ದರೋಜಿಯದು 1994ರಿಂದಲೂ ಇದೆ. ಇಲ್ಲಿನ ಕರಡಿಗಳಿಗೆ ಗಂಜಿ ಬೇಯಿಸುವವರು ಬೇಕಾಗಿಲ್ಲ. ಕುರಿ ಮೇಯಿಸಲು, ಸೀತಾಫಲ ಕೀಳಲು ಗುಡ್ಡಕ್ಕೆ ಹೋದ ಹುಡುಗರಿಗೆ ಬಂಡೆಯ ಸಂದಿಯಲ್ಲಿ ಮರಿಯೊಂದು ಕಂಡೀತು. ಅಯ್ಯೋ ಪಾಪ, ತಬ್ಬಲಿ ಎಂದು ಎತ್ತಿಕೊಂಡು ಬರಲು ಮನಸ್ಸಾಗುತ್ತದೆ. ಹೆಚ್ಚಿನ ವೇಳೆ ಅದು ತಬ್ಬಲಿಯಲ್ಲ. ಮೇವಿಗೆ ಹೋಗುವಾಗ ತಾಯಿ ಮರಿಯನ್ನು ಗವಿಯಲ್ಲಿ ಬಿಟ್ಟು ಹೋಗುತ್ತದೆ, ತಿರುಗಿ ಬರುತ್ತದೆ. ಅದು ಬರುವಾಗ ಅಲ್ಲಿ ಇದ್ದವನ ಗತಿ ಹೇಳುವಂತಿಲ್ಲ. ಮರಿ ತಂದವನ ಉದ್ದೇಶ ಒಳ್ಳೆಯದೇ ಇರಬಹುದು. ಮರಿಯ ಪಾಲಿಗೆ ಮಾತ್ರ ಅವನಿಗೂ ಹಗ್ಗ ಪೋಣಿಸಿದವನಿಗೂ ದೊಡ್ಡ ವ್ಯತ್ಯಾಸವಿಲ್ಲ, ಎರಡೂವರೆ ವರ್ಷದ ಶಾಲೆ ಇಬ್ಬರಿಂದಲೂ ತಪ್ಪಿತು. ಕಾಯ್ದೆಯ 39ನೇ ಕಲಮಿನ ಪ್ರಕಾರ ಹೀಗೆ ಕೈಗೆ ಸಿಕ್ಕ ವನ್ಯಪ್ರಾಣಿ ಸರ್ಕಾರದ ಸ್ವತ್ತು. 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕಾರಿಗೆ ತಿಳಿಸಲೇಬೇಕು.

ತೆರೆದ ಬಾವಿಗೆ ಪ್ರಾಣಿ ಬಿದ್ದಾಗಲೂ ಇದೇ ಮಾತು. ಅರಣ್ಯ ಇಲಾಖೆಯ ಸಹಾಯವಾಣಿ 1926. ಸಿಬ್ಬಂದಿ ಬರುವವರೆಗೆ ಊರಿನ ಹುಡುಗರು ಮಾಡಬೇಕಾದ ಸೇವೆ ಎಂದರೆ ಜನರನ್ನು ಹಿಂದೆ ಸರಿಸುವುದು, ನಾಯಿಗಳನ್ನು ಕಟ್ಟಿಹಾಕುವುದು. ಕೂಗಾಟ, ಕಲ್ಲೆಸೆತ, ಮೊಬೈಲ್ ಹಿಡಿದು ಕಟ್ಟೆ ಮೇಲೆ ಬಾಗುವುದು, ಇವುಗಳಿಂದ ಗಾಬರಿಗೊಂಡ ಪ್ರಾಣಿಯನ್ನು ಮೇಲೆತ್ತುವುದು ಬಹಳ ಕಷ್ಟ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಇನ್ನೊಂದು ಬಗೆಯ ಕೆಲಸವಿದೆ. ನೂರಾರು ವರ್ಷ ಹಳೆಯದಾದ ಈ ಕೆರೆ 244 ಎಕರೆಯಷ್ಟಿದೆ; 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಸೇರಿದಂತೆ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. ಗಾಳಿಗೆ ಮರಿ ಉದುರುವುದೂ ಉಂಟು. ಬಾಯಿ ಬಿಡಿಸಿ ನೀರು ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಮರಿಯನ್ನಿಟ್ಟು ಮುಚ್ಚಿ, ನೆರಳಿನಲ್ಲಿರಿಸಿ ಅರಣ್ಯ ಸಿಬ್ಬಂದಿಗೆ ಒಪ್ಪಿಸಿದರೆ ಮುಗಿಯಿತು. ಡಬ್ಬಿಯ ಮುಚ್ಚಳವನ್ನು ಗಳಿಗೆಗೊಮ್ಮೆ ತೆಗೆದು ನೋಡದಂತೆ ತಮ್ಮ ತಂಗಿಯರನ್ನು ತಡೆಯುವುದೇ ಇದರಲ್ಲಿ ಕಷ್ಟದ ಭಾಗ.